ನಿಮಗಿದು ಗೊತ್ತೇ? ತಾರಸಿಯ ಮೇಲಿನ ಆಂಟೆನಾ ಸಾಮಾನ್ಯದ್ದಲ್ಲ!

ಸರಸ್ವತಿಪುರಂ, ಕುವೆಂಪುನಗರ, ಒಂಟಿಕೊಪ್ಪಲಿನ ಹಳೆಯ ಮನೆಗಳ ತಾರಸಿಯತ್ತ ಒಮ್ಮೆ ಕಣ್ಣು ಹಾಯಿಸಿ. ಮೀನಿನ ಮುಳ್ಳಿನಂಥ ಹಳೆಯ ಟಿವಿ ಆಂಟೆನಾ ಒಂದಾದರೂ ಕಂಡೀತು. ಅದರಲ್ಲಿ ಆರು ಕಡ್ಡಿ ಇರಲಿ, ಹನ್ನೆರಡು ಇರಲಿ, ಟಿವಿಗೆ ತಂತಿ ಇಳಿಯುವುದು ಒಂದೇ ಒಂದು ಕಡ್ಡಿಯಿಂದ! ಉಳಿದ ಯಾವುದಕ್ಕೂ ತಂತಿಯೇ ಇಲ್ಲ. ಗಾಳಿಯಲ್ಲಿ ಬಂದ ಅಲೆಯನ್ನು ಹಿಡಿದು ಆ ಒಂದರ ಕಡೆಗೆ ದಾಟಿಸುವುದಷ್ಟೇ ಅವುಗಳ ಕೆಲಸ. ತಂತಿಯ ಸಂಬಂಧವೇ ಇಲ್ಲದೆ ಇಷ್ಟೊಂದು ದುಡಿಮೆ!

ಆ ಕಡ್ಡಿಗಳೆಲ್ಲ ಒಂದೇ ಉದ್ದ ಅಂದುಕೊಂಡಿದ್ದೀರಾ? ಸರಿಯಾಗಿ ನೋಡಿ. ಎಲ್ಲಕ್ಕಿಂತ ಉದ್ದದ್ದು ಹಿಂದೆ. ಗಿಡ್ಡವು ಮುಂದೆ. ಹಿಂದಿನದು ಅಲೆಯನ್ನು ವಾಪಸ್ಸು ತಿರುಗಿಸುತ್ತದೆ, ಮುಂದಿನವು ಒಳಗೆ ಎಳೆದುಕೊಳ್ಳುತ್ತವೆ. ಹಾಗಾಗಿ ಗಿಡ್ಡ ಕಡ್ಡಿಗಳಿರುವ ತುದಿ ಯಾವ ಕಡೆಗಿದೆಯೋ ಆ ಕಡೆಗೇ ಟಿವಿ ಕೇಂದ್ರ! ಹಿಂದುಮುಂದಾಗಿ ಕಟ್ಟಿದರೆ ಚಿತ್ರ ಮಂಕು.

ಇನ್ನೊಂದು ವಿಚಿತ್ರ. ಕಡ್ಡಿಗಳು ಗಟ್ಟಿಯಲ್ಲ, ಒಳಗೆ ಟೊಳ್ಳು! ದುಡ್ಡು ಉಳಿಸಲು ಹೀಗೆ ಮಾಡಿದ್ದಾರೆ ಅನ್ನಿಸುತ್ತದೆ. ಆದರೆ ಗಟ್ಟಿ ಕಡ್ಡಿ ಹಾಕಿದರೂ ಚಿತ್ರ ಒಂದಿಷ್ಟೂ ಸುಧಾರಿಸುವುದಿಲ್ಲ. ಟಿವಿ ಅಲೆ ಹುಟ್ಟಿಸುವ ವಿದ್ಯುತ್ತು ಲೋಹದ ಹೊರಮೈಯಲ್ಲೇ ಹರಿಯುತ್ತದೆ. ಎಷ್ಟು ಆಳಕ್ಕೆ? 200 ಮೆಗಾಹರ್ಟ್ಸ್ ಅಲೆಯಾದರೆ ಅಲ್ಯೂಮಿನಿಯಂನಲ್ಲಿ ಸುಮಾರು 6 ಮೈಕ್ರಾನ್. ನಿಮ್ಮ ತಲೆಗೂದಲಿನ ದಪ್ಪದ ಹತ್ತನೇ ಒಂದು ಭಾಗದಷ್ಟು! ಒಳಗಿನ ಲೋಹವೆಲ್ಲ ಬರೀ ಭಾರ.

ತಂತಿ ಕಟ್ಟುವ ಕಡ್ಡಿ ಮಾತ್ರ ಬೇರೆ ಥರ. ಅದು ಉದ್ದನೆಯ ಬಳೆಯಾಗಿ ಮಡಚಿಕೊಂಡಿರುತ್ತದೆ. ಅದರ ಹಿಂಬದಿಯ ನಡುಮಧ್ಯಕ್ಕೆ ಬೋಲ್ಟ್ ಕೊಟ್ಟು ನೇರವಾಗಿ ಲೋಹದ ದಂಡಕ್ಕೇ ಬಿಗಿದಿರುತ್ತಾರೆ. ಸಿಗ್ನಲ್ ಕಂಬದೊಳಗೆ ಸೋರಿಹೋಗುವುದಿಲ್ಲವೇ? ಹೋಗುವುದಿಲ್ಲ! ಆ ಒಂದು ಬಿಂದುವಿನಲ್ಲಿ ಸಿಗ್ನಲ್‌ನ ವೋಲ್ಟೇಜ್ ಸೊನ್ನೆ. ರಬ್ಬರ್, ಪ್ಲಾಸ್ಟಿಕ್ ಏನೂ ಬೇಡ!

ಚಾನೆಲ್ ಸಂಖ್ಯೆ ದೊಡ್ಡದಾದಷ್ಟೂ ಆಂಟೆನಾ ಚಿಕ್ಕದು! ಕಡ್ಡಿಯ ಉದ್ದ ಅಲೆಯ ಉದ್ದದ ಹತ್ತಿರಹತ್ತಿರ ಅರ್ಧ ಇರಬೇಕು. ಹಳೆಯ ಟಿವಿಯ ಚಾನೆಲ್ 4ಕ್ಕೆ ಲೆಕ್ಕ ಹಾಕಿದರೆ ಸುಮಾರು 2.4 ಮೀಟರ್, ಅಂದರೆ ಎಂಟು ಅಡಿಯಷ್ಟು. ಚಾನೆಲ್ 12ಕ್ಕೆ 67 ಸೆಂಟಿಮೀಟರ್ ಸಾಕು. ಅಂಗಡಿಯಲ್ಲಿ ಕಣ್ಣಿಗೆ ದೊಡ್ಡದಾಗಿ ಕಂಡದ್ದೇ ಒಳ್ಳೆಯ ಆಂಟೆನಾ ಅಂದುಕೊಂಡು ತಂದವರು ತಪ್ಪು ಅಳತೆಯದನ್ನೇ ಹೊತ್ತು ತಂದಿರಬಹುದು!

ಕಡ್ಡಿಗಳೆಲ್ಲ ನೆಲಕ್ಕೆ ಸಮನಾಗಿ ಮಲಗಿರುವುದು ಯಾಕೆ? ದೂರದರ್ಶನದ ಅಲೆ ಮಲಗಿಕೊಂಡೇ ತೂಗುತ್ತ ಬರುತ್ತಿತ್ತು, ಅದಕ್ಕೆ. ಬ್ರಿಟನ್ನಿನ ಎಷ್ಟೋ ಸಣ್ಣ ಮರುಪ್ರಸಾರ ಕೇಂದ್ರಗಳು ನಿಂತು ತೂಗುವ ಅಲೆಯನ್ನು ಕಳಿಸುತ್ತವೆ. ಅಲ್ಲಿನ ಮನೆಗಳ ಮೇಲೆ ಇದೇ ಆಂಟೆನಾ ಕಡ್ಡಿಗಳನ್ನು ಲಂಬವಾಗಿ ನಿಲ್ಲಿಸಿಕೊಂಡು ಕೂತಿರುತ್ತದೆ!

ಈ ಆಂಟೆನಾ ಹುಟ್ಟಿದ್ದು ಎಲ್ಲಿ ಗೊತ್ತೇ? ಜಪಾನಿನ ಸೆಂಡಾಯ್ ಊರಿನಲ್ಲಿ. 1920ರ ದಶಕದಲ್ಲಿ ಅಲ್ಲಿನ ತೊಹೊಕು ವಿಶ್ವವಿದ್ಯಾಲಯದ ಹಿದೆತ್ಸುಗು ಯಾಗಿ ಮತ್ತು ಶಿಂತಾರೊ ಉದಾ ಇದನ್ನು ಕಂಡುಹಿಡಿದರು. ಹೆಚ್ಚಿನ ಪ್ರಯೋಗವೆಲ್ಲ ಉದಾ ಅವರದು. ಜಗತ್ತು ಕರೆಯುವುದು ಮಾತ್ರ ಬರೀ ಯಾಗಿ ಎಂದು! ನನಗಂತೂ ಉದಾ ಅವರ ಬಗ್ಗೆ ಯಾವಾಗಲೂ ಮರುಕ.

ಕತೆ ಇಲ್ಲಿಗೇ ಮುಗಿಯಲಿಲ್ಲ. ತಮ್ಮ ನೆಲದಲ್ಲೇ ಹುಟ್ಟಿದ ಈ ಆಂಟೆನಾವನ್ನು ಜಪಾನಿನ ಸೇನೆ ಗಣನೆಗೇ ತೆಗೆದುಕೊಂಡಿರಲಿಲ್ಲ. 1942ರಲ್ಲಿ ಸಿಂಗಪುರ ಗೆದ್ದಾಗ ಅವರಿಗೆ ಬ್ರಿಟಿಷರ ರೇಡಾರ್ ಟಿಪ್ಪಣಿ ಸಿಕ್ಕಿತು. ಅದರ ತುಂಬ ‘ಯಾಗಿ’ ಎಂಬ ಪದ. ಅದೇನೆಂದು ಜಪಾನಿ ಅಧಿಕಾರಿಗಳಿಗೆ ತಿಳಿಯಲಿಲ್ಲ. ಕೊನೆಗೆ ಬ್ರಿಟಿಷ್ ಕೈದಿಯನ್ನೇ ಕೇಳಿದರು. ಅವನು ಹೇಳಿದ್ದು, ಅದು ನಿಮ್ಮದೇ ದೇಶದ ಪ್ರೊಫೆಸರ್ ಹೆಸರು ಎಂದು! ಎಂಥ ಮುಖಭಂಗ ನೋಡಿ.

ಆ ಉದಾ ನಮ್ಮ ದೇಶಕ್ಕೂ ಬಂದಿದ್ದರು! 1950ರ ದಶಕದಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಕೆಲಸ ಮಾಡಿದರು. 1959ರ ಸೆಪ್ಟೆಂಬರ್ 15ರಂದು ಅದೇ ದೆಹಲಿಯಲ್ಲಿ ಭಾರತದ ಟಿವಿ ಶುರುವಾಯಿತು. ಮುಂದೆ ದೇಶದ ಮೂಲೆಮೂಲೆಯ ತಾರಸಿಗಳ ಮೇಲೆ ಅವರ ಆಂಟೆನಾ!

ಕರ್ನಾಟಕದಲ್ಲಿ ಟಿವಿ ಮೊದಲು ಬಂದದ್ದು ಎಲ್ಲಿ, ಹೇಳಿ ನೋಡೋಣ. ಬೆಂಗಳೂರು? ಅಲ್ಲ. ಮೈಸೂರು? ಅದೂ ಅಲ್ಲ. ಕಲಬುರಗಿ, ರಾಯಚೂರು, ವಿಜಯಪುರದ ಕಡೆಯ ಹಳ್ಳಿಗಳು! 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿವಿ ಇಳಿಯಿತು. ಉಪಗ್ರಹ ಅಮೆರಿಕದ ನಾಸಾದ್ದು, ನೆಲದ ಮೇಲಿನ ಏರ್ಪಾಟು ನಮ್ಮ ಇಸ್ರೋದ್ದು. ಆಗ ಮೈಸೂರಿನವರ ಮನೆಯಲ್ಲಿ ಬರೀ ರೇಡಿಯೋ!

ಆ ಹಳ್ಳಿಗಳ ಡಿಶ್ ಯಾವುದರಿಂದ ಮಾಡಿದ್ದು ಗೊತ್ತೇ? ಕೋಳಿಗೂಡಿಗೆ ಹಾಕುವ ತಂತಿ ಜಾಲರಿಯಿಂದ! ಸುಮಾರು 3 ಮೀಟರ್ ಅಗಲದ ಚೌಕಟ್ಟಿಗೆ ಅದೇ ಜಾಲರಿ ಹೊದಿಸಿದ್ದರು. ಜಾಲರಿಯ ಕಣ್ಣುಗಳಲ್ಲಿ ಗಾಳಿ ನುಗ್ಗಿಹೋಗುತ್ತದೆ, ಅಲೆ ಹೋಗುವುದಿಲ್ಲ. 860 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಅಂಥ ಅಲೆಗೆ ಜಾಲರಿಯೇ ಗಟ್ಟಿ ಗೋಡೆ!

ಅದೇ ಕಾಲದಲ್ಲಿ ಇಸ್ರೋದವರು ಕೊಲಂಬೊದ ಒಂದು ಮನೆಗೂ ಡಿಶ್ ಹಾಕಿಕೊಟ್ಟರು. ಮನೆ ಯಾರದು? ಆರ್ಥರ್ ಸಿ. ಕ್ಲಾರ್ಕ್ ಅವರದು! ಭೂಮಿಯ ಮೇಲೆ ಒಂದೇ ಕಡೆ ನಿಂತಂತೆ ಕಾಣುವ ಉಪಗ್ರಹಗಳಿಂದ ಜಗತ್ತಿಗೆಲ್ಲ ಪ್ರಸಾರ ಮಾಡಬಹುದೆಂದು 1945ರಲ್ಲೇ ಬರೆದವರು. ತಮ್ಮ ಕನಸಿನ ಚಿತ್ರವನ್ನು ತಮ್ಮ ಮನೆಯಲ್ಲೇ ಕೂತು ನೋಡುವ ಭಾಗ್ಯ!

1977ರಲ್ಲಿ ಕಲಬುರಗಿಗೆ ನೆಲದ ಮೇಲಿನ ಟಿವಿ ಕೇಂದ್ರವೂ ಬಂತು. ರಾಜಧಾನಿ ಬೆಂಗಳೂರು 1981ರ ನವೆಂಬರ್ 1ರ ರಾಜ್ಯೋತ್ಸವದವರೆಗೆ ಕಾಯಬೇಕಾಯಿತು!

ಬೆಂಗಳೂರಿಗೆ ಬಂದ ಮೇಲೆ ಮೈಸೂರಿಗೂ ಬಂದಂತೆಯೇ ಅಲ್ಲವೇ? ಅಲ್ಲ! ಟಿವಿ ಅಲೆ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಹೋಗುತ್ತದೆ. ಭೂಮಿ ದುಂಡಗಿದೆ. ಬೆಂಗಳೂರಿನಿಂದ ಮೈಸೂರಿಗೆ ನೇರ ಗೆರೆ ಎಳೆದರೆ ಸುಮಾರು 130 ಕಿಲೋಮೀಟರ್. ಅಷ್ಟು ದೂರಕ್ಕೆ ನಡುವೆ ಮದ್ದೂರಿನ ಆಸುಪಾಸಿನಲ್ಲಿ ಭೂಮಿಯ ಬೆನ್ನು ಸುಮಾರು 250 ಮೀಟರ್ ಉಬ್ಬಿರುತ್ತದೆ! ಗಾಳಿ ಅಲೆಯನ್ನು ತುಸು ಕೆಳಕ್ಕೆ ಬಗ್ಗಿಸಿ ಮಾಡುವ ಉಪಕಾರವನ್ನೂ ಸೇರಿಸಿದ ಮೇಲಿನ ಲೆಕ್ಕ ಇದು. ಜೊತೆಗೆ ರಾಮನಗರದ ಬಂಡೆ ಬೆಟ್ಟಗಳು ಬೇರೆ. ನೀವು ಮದ್ದೂರಿನಲ್ಲಿ ವಡೆ ತಿನ್ನಲು ರೈಲಿನ ಕಿಟಕಿಗೆ ಕೈ ಚಾಚಿದಾಗ, ಭೂಮಿಯ ಆ ಗೂನು ಬೆನ್ನಿನ ಮೇಲೇ ಕೂತಿರುತ್ತೀರಿ!

ಹಾಗಾದರೆ ಒಂದು ಗೋಪುರದಿಂದ ಅಲೆ ಎಷ್ಟು ದೂರ ಹೋದೀತು? ಗೋಪುರ 100 ಮೀಟರ್, ನಿಮ್ಮ ಮನೆಯ ಆಂಟೆನಾ 10 ಮೀಟರ್ ಎತ್ತರ ಅನ್ನಿ. ಬಯಲು ನೆಲದಲ್ಲಿ ಸುಮಾರು 54 ಕಿಲೋಮೀಟರ್. ಆಮೇಲೆ ದಿಗಂತ ನುಂಗಿಬಿಡುತ್ತದೆ! ಅದಕ್ಕೇ ದೇಶದ ತುಂಬ ಮರುಪ್ರಸಾರ ಕೇಂದ್ರಗಳು ಬೇಕಾದವು. 1984ರ ಒಂದು ಅವಧಿಯಲ್ಲಿ ದೂರದರ್ಶನ ದಿನಕ್ಕೊಂದರಂತೆ ಟ್ರಾನ್ಸ್‌ಮಿಟರ್ ತೆರೆಯುತ್ತಾ ಹೋಯಿತು! ಅವುಗಳಲ್ಲಿ ಬಹುಪಾಲು ಬರೀ 100 ವ್ಯಾಟ್‌ನವು. ಒಂದು ದೊಡ್ಡ ಬಲ್ಬಿಗೆ ಬೇಕಾಗುವಷ್ಟು ಶಕ್ತಿಯಲ್ಲಿ ಒಂದು ಊರಿಗೆಲ್ಲ ಟಿವಿ!

ಟಿವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು ಅಂದರೆ ಇಂದಿನ ಮಕ್ಕಳು ನಂಬುತ್ತಾರೆಯೇ? ಬೇಕಿತ್ತು! ಅದೂ ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿ. ರೇಡಿಯೋಗೂ ಹಾಗೆಯೇ. 1985ರಲ್ಲಿ ಈ ಪದ್ಧತಿ ಹೋಯಿತು. ಮೇಜಿನ ಸೆಳೆಖಾನೆಯಲ್ಲಿ ಅಜ್ಜನ ಕಾಲದ ಲೈಸೆನ್ಸ್ ಪುಸ್ತಕ ಸಿಕ್ಕರೆ ದಯವಿಟ್ಟು ಗುಜರಿಗೆ ಹಾಕಬೇಡಿ.

ಈಗ ನನಗೆ ಬಹಳ ಇಷ್ಟವಾದ ಸಂಗತಿ. ಹಳೆಯ ಟಿವಿಯಲ್ಲಿ ಪ್ರತಿ ಮುಖದ ಪಕ್ಕದಲ್ಲಿ ಮಸುಕಾದ ಇನ್ನೊಂದು ಮುಖ ಕಾಣುತ್ತಿತ್ತು, ನೆನಪಿದೆಯೇ? ಅದನ್ನು ದೆವ್ವ ಅನ್ನುತ್ತಿದ್ದರು. ಬೆಟ್ಟಕ್ಕೋ ದೊಡ್ಡ ಕಟ್ಟಡಕ್ಕೋ ಬಡಿದು, ಸುತ್ತಿಬಳಸಿ, ತಡವಾಗಿ ಬಂದ ಅಲೆಯ ಚಿತ್ರ ಅದು. ಟಿವಿ ಚಿತ್ರವನ್ನು ಎಡದಿಂದ ಬಲಕ್ಕೆ ಬರೆಯುತ್ತಿದ್ದುದರಿಂದ ತಡವಾಗಿ ಬಂದ ದೆವ್ವ ಸಾಮಾನ್ಯವಾಗಿ ಬಲಗಡೆಯೇ ಕಾಣುತ್ತಿತ್ತು!

ಅಷ್ಟೇ ಅಲ್ಲ. ಒಂದು ಸ್ಕೇಲು ಹಿಡಿದು ಆ ದೆವ್ವ ನಡೆದು ಬಂದ ದೂರವನ್ನೂ ಅಳೆಯಬಹುದಿತ್ತು! ಒಂದು ಗೆರೆ ಬರೆಯಲು ಟಿವಿಗೆ 52 ಮೈಕ್ರೊಸೆಕೆಂಡ್. ಒಂದು ಮೈಕ್ರೊಸೆಕೆಂಡಿನಲ್ಲಿ ಅಲೆ 300 ಮೀಟರ್ ಓಡುತ್ತದೆ. 40 ಸೆಂಟಿಮೀಟರ್ ಅಗಲದ ಪರದೆಯಲ್ಲಿ ದೆವ್ವ 8 ಮಿಲಿಮೀಟರ್ ಬಲಕ್ಕಿದ್ದರೆ, ಅದು ಸುಮಾರು 300 ಮೀಟರ್ ಹೆಚ್ಚು ಸುತ್ತಿ ಬಂದಿದೆ ಎಂದೇ ಲೆಕ್ಕ. ಹಾಲ್‌ನಲ್ಲಿ ಕೂತಲ್ಲೇ ಸರ್ವೆ ಕೆಲಸ!

ಕಾರ್ಯಕ್ರಮ ಮುಗಿದ ಮೇಲೆ ಪರದೆಯ ತುಂಬ ‘ಸುರ್’ ಎಂದು ಕುಣಿಯುವ ಚುಕ್ಕಿಗಳು. ಅವುಗಳಲ್ಲಿ ನೂರಕ್ಕೆ ಒಂದರಷ್ಟು ಎಲ್ಲಿಂದ ಬಂದವು ಗೊತ್ತೇ? ವಿಶ್ವ ಹುಟ್ಟಿದ ಕಾಲದಿಂದ! ಸುಮಾರು 1,380 ಕೋಟಿ ವರ್ಷಗಳಷ್ಟು ಹಳೆಯ ಅಲೆ ಆಕಾಶದ ತುಂಬ ಇನ್ನೂ ಹರಡಿಕೊಂಡಿದೆ. ನಿಮ್ಮ ಆಂಟೆನಾ ಅದನ್ನೂ ಹಿಡಿಯುತ್ತಿತ್ತು. ನಾವು ಮಾತ್ರ ‘ಸ್ಟೇಷನ್ ಇಲ್ಲ’ ಎಂದು ಟಿವಿ ಆರಿಸಿಬಿಡುತ್ತಿದ್ದೆವು!

ಆ ಅಲೆ ಮೊದಲು ಗೊತ್ತಾದದ್ದೂ ಆಂಟೆನಾ ಸರಿಮಾಡಲು ಹೋಗಿಯೇ! 1964ರಲ್ಲಿ ಅಮೆರಿಕದ ಪೆಂಜಿಯಾಸ್ ಮತ್ತು ವಿಲ್ಸನ್ ತಮ್ಮ ದೊಡ್ಡ ಆಂಟೆನಾದಲ್ಲಿ ಬರುತ್ತಿದ್ದ ಗೊರಗೊರ ಸದ್ದಿಗೆ ಕಾರಣ ಹುಡುಕುತ್ತಿದ್ದರು. ಒಳಗೆ ಪಾರಿವಾಳಗಳು ಗೂಡು ಕಟ್ಟಿದ್ದವು. ಅವುಗಳನ್ನು ಓಡಿಸಿದರು, ಹಿಕ್ಕೆ ಬಳಿದು ತೊಳೆದರು. ಸದ್ದು ಹೋಗಲಿಲ್ಲ. ಅದು ವಿಶ್ವದ್ದೇ ಸದ್ದು! 1978ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಬೇಸಿಗೆಯಲ್ಲಿ ಕೆಲವೊಮ್ಮೆ ಮನೆಯ ಟಿವಿಯಲ್ಲಿ ಅರ್ಥವಾಗದ ಭಾಷೆಯ ಚಾನೆಲ್ ಇಣುಕಿ ಹೋಗುತ್ತಿತ್ತು. ಸೆಟ್ಟು ಕೆಟ್ಟಿಲ್ಲ! ನೆಲದಿಂದ ಸುಮಾರು 100 ಕಿಲೋಮೀಟರ್ ಮೇಲಿನ ಗಾಳಿಪದರ ಆಗೊಮ್ಮೆ ಈಗೊಮ್ಮೆ ಕನ್ನಡಿಯಾಗಿಬಿಡುತ್ತದೆ. ಕಡಿಮೆ ಸಂಖ್ಯೆಯ ಚಾನೆಲ್‌ಗಳ ಅಲೆ ಅದಕ್ಕೆ ಬಡಿದು ಸಾವಿರ, ಎರಡು ಸಾವಿರ ಕಿಲೋಮೀಟರ್ ಆಚೆ ಇಳಿಯುತ್ತದೆ. ತಮಿಳುನಾಡಿನ ದಕ್ಷಿಣ ಕರಾವಳಿಯವರಿಗಂತೂ ಹತ್ತಿರದ ಶ್ರೀಲಂಕಾದ ರೂಪವಾಹಿನಿ ಸಮುದ್ರ ದಾಟಿ ಬಂದು ಚೆನ್ನಾಗಿಯೇ ಕಾಣುತ್ತಿತ್ತು!

ಸಿಗ್ನಲ್ ಹಿಗ್ಗಿಸುವ ಬೂಸ್ಟರ್ ಎಲ್ಲಿಡಬೇಕು? ಟಿವಿ ಪಕ್ಕದಲ್ಲಲ್ಲ, ಕಂಬದ ತುದಿಯಲ್ಲಿ! ಸಿಗ್ನಲ್ ವಯರಿನಲ್ಲಿ ಇಳಿಯುತ್ತಾ ಸೊರಗುತ್ತದೆ. ಸೊರಗಿದ ಮೇಲೆ ಹಿಗ್ಗಿಸಿದರೆ ಚುಕ್ಕಿಗಳೂ ಹಿಗ್ಗುತ್ತವೆ. ಮೇಲೆ ಇಲ್ಲದ ಸಿಗ್ನಲನ್ನು ಮಾತ್ರ ಯಾವ ಬೂಸ್ಟರೂ ಹುಟ್ಟಿಸಲಾರದು.

ಆಷಾಢ ಬಂತೆಂದರೆ ಮೈಸೂರಿನಲ್ಲಿ ಗಾಳಿ. ಗಾಳಿಪಟ ಆಂಟೆನಾಕ್ಕೆ ಸಿಕ್ಕಿಕೊಳ್ಳುತ್ತಿತ್ತು, ಆಂಟೆನಾ ದಿಕ್ಕು ತಪ್ಪುತ್ತಿತ್ತು. ಆಗ ಮನೆಮಂದಿಗೆಲ್ಲ ಕೆಲಸ! ಅಣ್ಣ ತಾರಸಿಯ ಮೇಲೆ ಕಂಬ ತಿರುಗಿಸುವವನು, ತಂಗಿ ಮೆಟ್ಟಿಲ ಮೇಲೆ ಕೂಗಿ ದಾಟಿಸುವವಳು, ಅಮ್ಮ ಟಿವಿ ಮುಂದೆ. ‘ಬಂತಾ?’ ‘ಇಲ್ಲ ಕಣೋ, ಇನ್ನೊಂಚೂರು!’ ಕಂಬ ಬಿಟ್ಟು ಕೈ ತೆಗೆದ ಕೂಡಲೇ ಚಿತ್ರ ಮಾಯ. ಯಾಕೆ ಗೊತ್ತೇ? ಮನುಷ್ಯನ ಮೈಯಲ್ಲಿ ನೀರು, ಉಪ್ಪು ಇವೆ. ಹತ್ತಿರ ನಿಂತವನೂ ಅಲೆಯ ಮಟ್ಟಿಗೆ ಆಂಟೆನಾದ ಒಂದು ಭಾಗವೇ!

ಟಿವಿ ಮೈಸೂರಿಗೆ ತಡವಾಗಿ ಬಂದಿರಬಹುದು. ರೇಡಿಯೋ ವಿಷಯದಲ್ಲಿ ನಾವು ಹಿಂದೆ ಬಿದ್ದವರಲ್ಲ! ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ ಪ್ರಸಾರ ಆರಂಭಿಸಿದರು. ಸರ್ಕಾರದ್ದಲ್ಲ, ಕಂಪನಿಯದಲ್ಲ, ಒಬ್ಬ ಮೇಷ್ಟರ ಮನೆ! ಮೊದಮೊದಲು ಅವರ ಟ್ರಾನ್ಸ್‌ಮಿಟರ್‌ನ ಶಕ್ತಿ 60 ವ್ಯಾಟ್ ಬಲ್ಬಿಗಿಂತ ಕಡಿಮೆ. ಅಷ್ಟರಲ್ಲೇ ಸಂಗೀತ, ಭಾಷಣ ಎಲ್ಲ!

ಆ ಕೇಂದ್ರದ ಹೆಸರು ಆಕಾಶವಾಣಿ. ಹೌದು, ಅದೇ ಹೆಸರು! 1942ರಲ್ಲಿ ಮೈಸೂರು ಸಂಸ್ಥಾನ ಕೇಂದ್ರವನ್ನು ವಹಿಸಿಕೊಂಡಿತು. 1950ರ ದಶಕದಲ್ಲಿ ಇಡೀ ದೇಶದ ರೇಡಿಯೋ ಆ ಹೆಸರನ್ನು ಇಟ್ಟುಕೊಂಡಿತು. ಇವತ್ತು ಕಾಶ್ಮೀರದಲ್ಲಿ, ಅಸ್ಸಾಮಿನಲ್ಲಿ ಉದ್ಘೋಷಕರು ಹೇಳುವ ಹೆಸರು ಮೈಸೂರಿನ ಒಂದು ಮನೆಯಿಂದ ಹೊರಟದ್ದು. ಊರಿನವರಾಗಿ ನಾವು ಇದನ್ನು ಇನ್ನಷ್ಟು ಜೋರಾಗಿ ಹೇಳಿಕೊಳ್ಳಬೇಕು!

ಮೈಸೂರು ಆಕಾಶವಾಣಿ ಈಗಿರುವುದು ಯಾದವಗಿರಿಯಲ್ಲಿ. ಆರ್.ಕೆ. ನಾರಾಯಣ್ ಅವರ ಮನೆ ಇರುವುದೂ ಯಾದವಗಿರಿಯಲ್ಲೇ, ಈಗ ಅದು ಸಂಗ್ರಹಾಲಯ. 1980ರ ದಶಕದಲ್ಲಿ ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ದೂರದರ್ಶನದಲ್ಲಿ ಬಂದಾಗ ಮೈಸೂರಿನ ಲೇಖಕರ ಕತೆ, ಆಗುಂಬೆಯಲ್ಲಿ ಚಿತ್ರೀಕರಣ, ದೇಶದ ಎಲ್ಲ ಆಂಟೆನಾಗಳಲ್ಲೂ ಒಂದೇ ಹೊತ್ತಿಗೆ!

ಇಷ್ಟೆಲ್ಲ ಓದಿ ‘ಹಳೆಯ ಆಂಟೆನಾ ಒರೆಸಿ ಮತ್ತೆ ಕಟ್ಟೋಣ’ ಅನ್ನಿಸಿತೇ? ಸ್ವಲ್ಪ ತಡೆಯಿರಿ. ದೂರದರ್ಶನ ತನ್ನ ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ಹಂತಹಂತವಾಗಿ ಆರಿಸುತ್ತಾ ಬಂದು, 2022ರ ಮಾರ್ಚ್ ಹೊತ್ತಿಗೆ ಗಡಿಯಂಥ ಆಯಕಟ್ಟಿನ ಸುಮಾರು 50 ಜಾಗಗಳಲ್ಲಿ ಮಾತ್ರ ಉಳಿಸಿಕೊಂಡಿತು. ನೆಲದ ಮೇಲಿನ ಡಿಜಿಟಲ್ ಪ್ರಸಾರ 2016ರ ಫೆಬ್ರವರಿಯಲ್ಲಿ 16 ನಗರಗಳಲ್ಲಿ ಶುರುವಾಯಿತು. ಬೆಂಗಳೂರು ಆ ಪಟ್ಟಿಯಲ್ಲಿತ್ತು, ಮೈಸೂರು ಇರಲಿಲ್ಲ. ಮತ್ತೆ ಅದೇ ಮದ್ದೂರಿನ ಗೂನು ಬೆನ್ನು ಅಡ್ಡ!

ಅಂಗಡಿಯಲ್ಲಿ ‘ಡಿಜಿಟಲ್ ಆಂಟೆನಾ’ ಎಂದು ಬರೆದದ್ದು ಕಂಡರೆ ಹೆಚ್ಚು ದುಡ್ಡು ಕೊಡಬೇಡಿ. ಅಂಥ ಆಂಟೆನಾವೇ ಇಲ್ಲ! ಅಲೆಯೊಳಗೆ ಇರುವುದು ಡಿಜಿಟಲ್ಲೋ ಅನಲಾಗೋ ಎಂಬುದು ಅಲ್ಯೂಮಿನಿಯಂ ಕಡ್ಡಿಗೆ ಗೊತ್ತೇ ಆಗುವುದಿಲ್ಲ. ವ್ಯತ್ಯಾಸ ಇರುವುದೆಲ್ಲ ಪೆಟ್ಟಿಗೆಯೊಳಗೆ.

ಹಾಗಾದರೆ ಮೈಸೂರಿನಲ್ಲಿ ಪುಕ್ಕಟೆ ಟಿವಿ ಇಲ್ಲವೇ? ಇದೆ! 2004ರ ಡಿಸೆಂಬರ್‌ನಲ್ಲಿ 33 ಚಾನೆಲ್‌ಗಳೊಂದಿಗೆ ಶುರುವಾದ ದೂರದರ್ಶನದ ಸೇವೆ, ಈಗ ಡಿಡಿ ಫ್ರೀ ಡಿಶ್. ಡಿಶ್, ಸೆಟ್‌ಟಾಪ್ ಪೆಟ್ಟಿಗೆ, ವಯರು ಕೊಂಡರೆ ಮುಗಿಯಿತು. ತಿಂಗಳ ಬಾಡಿಗೆ ಸೊನ್ನೆ! ಚಂದನ ವಾಹಿನಿ ಅದರಲ್ಲಿದೆ. ದೇಶದಲ್ಲಿ ಕೋಟಿಗಟ್ಟಲೆ ಮನೆಗಳು ಇದನ್ನೇ ನೋಡುತ್ತವೆ.

ಆ ಡಿಶ್ ಯಾವ ಕಡೆ ತಿರುಗಿರಬೇಕು? ಉಪಗ್ರಹ ಜಿಸ್ಯಾಟ್-15 ನಿಂತಿರುವುದು ಪೂರ್ವ ರೇಖಾಂಶ 93.5 ಡಿಗ್ರಿಯ ಮೇಲೆ. ಮೈಸೂರಿನಿಂದ ಲೆಕ್ಕ ಹಾಕಿದರೆ ಉತ್ತರದಿಂದ ಸುಮಾರು 125 ಡಿಗ್ರಿ, ಅಂದರೆ ಆಗ್ನೇಯ. ನೀವು ಸರಸ್ವತಿಪುರಂನವರಾದರೆ ದಿಕ್ಸೂಚಿಯೇ ಬೇಡ. ಹೆಚ್ಚುಕಡಿಮೆ ಚಾಮುಂಡಿ ಬೆಟ್ಟದ ಕಡೆಗೇ ತಿರುಗಿಸಿ!

ಬೆಟ್ಟ ಅಡ್ಡ ಬರುವುದಿಲ್ಲವೇ? ಖಂಡಿತ ಇಲ್ಲ! ಸರಸ್ವತಿಪುರಂನಿಂದ ನೋಡಿದರೆ ಬೆಟ್ಟದ ನೆತ್ತಿ ದಿಗಂತದಿಂದ ಮೂರ್ನಾಲ್ಕು ಡಿಗ್ರಿಯಷ್ಟೇ ಮೇಲೆ. ಉಪಗ್ರಹ ಇರುವುದು ಸುಮಾರು 66 ಡಿಗ್ರಿ ಎತ್ತರದಲ್ಲಿ, ಹತ್ತಿರಹತ್ತಿರ ನೆತ್ತಿಯ ಮೇಲೆ. ಅದೇ ದೆಹಲಿಯವರಿಗೆ ಸುಮಾರು 52 ಡಿಗ್ರಿ. ನಾವು ಸಮಭಾಜಕಕ್ಕೆ ಹತ್ತಿರ ಇರುವುದರ ಲಾಭ ಇದು!

ಈ ಲಾಭ ಎಷ್ಟು ದೊಡ್ಡದು ನೋಡಿ. ಡಿಶ್‌ಗಿಂತ 2 ಮೀಟರ್ ಎತ್ತರದ ಗೋಡೆ ಮುಂದಿದ್ದರೂ ಅದರಿಂದ ಒಂದು ಮೀಟರ್ ದೂರ ಕೂರಿಸಿದರೆ ಸಾಕು. ಪಕ್ಕದ ಮನೆಯ ತೆಂಗಿನ ಮರ ಡಿಶ್‌ಗಿಂತ 10 ಮೀಟರ್ ಎತ್ತರವೇ? ಐದು ಮೀಟರ್ ಆಚೆ ಇದ್ದರೆ ಚಿಂತೆಯಿಲ್ಲ. ನೀರಿನ ಟ್ಯಾಂಕಿನ ಮೇಲೆ ಹತ್ತಿ, ಗೋಡೆಯಂಚಿನಲ್ಲಿ ನೇತಾಡಿ ಡಿಶ್ ಕಟ್ಟಿಸುವ ಅಪಾಯ ಮೈಸೂರಿನಲ್ಲಿ ಬೇಕಾಗಿಯೇ ಇಲ್ಲ!

ಆದರೆ ಡಿಶ್‌ನ ಮುಖ ನೋಡಿದರೆ ಅಷ್ಟು ಮೇಲೆ ನೋಡುತ್ತಿರುವಂತೆ ಕಾಣುವುದೇ ಇಲ್ಲ! ಅದೇ ಮೋಸ. ಮನೆಯ ಡಿಶ್ ಪೂರ್ತಿ ಬಟ್ಟಲಲ್ಲ, ದೊಡ್ಡ ಬಟ್ಟಲಿನ ಒಂದು ಬದಿಯ ತುಂಡು. ಅದು ಮುಖ ಮಾಡಿದ್ದಕ್ಕಿಂತ 25 ಡಿಗ್ರಿಯಷ್ಟು ಮೇಲಿನಿಂದ ಬರುವ ಅಲೆಯನ್ನು ಹಿಡಿಯುತ್ತದೆ. ನೋಟ ಒಂದು ಕಡೆ, ಕಣ್ಣು ಇನ್ನೊಂದು ಕಡೆ!

ಡಿಶ್ ಒಂದೇ ಒಂದು ಡಿಗ್ರಿ ಜರುಗಿದರೆ ಏನಾಗುತ್ತದೆ? ಉಪಗ್ರಹ ಇರುವ 36,000 ಕಿಲೋಮೀಟರ್ ದೂರದಲ್ಲಿ ಗುರಿ 600 ಕಿಲೋಮೀಟರಿಗೂ ಹೆಚ್ಚು ತಪ್ಪಿರುತ್ತದೆ! ಅದಕ್ಕೇ ಕಟ್ಟುವ ಹುಡುಗರು ನಟ್ಟನ್ನು ಕೂದಲೆಳೆಯಷ್ಟು ತಿರುಗಿಸಿ, ಮೀಟರ್ ನೋಡಿ, ಮತ್ತೆ ತಿರುಗಿಸುವುದು. ಅವರನ್ನು ಅವಸರಪಡಿಸಬೇಡಿ.

ಡಿಶ್ ಮುಂದೆ ಕೂತು ಅಲೆ ಹಿಡಿಯುವ ಪುಟ್ಟ ಎಲ್‌ಎನ್‌ಬಿಗೆ ಕರೆಂಟ್ ಎಲ್ಲಿಂದ ಬರುತ್ತದೆ? ಚಿತ್ರ ಇಳಿಯುವ ಅದೇ ವಯರಿನಲ್ಲಿ ಕರೆಂಟು ಮೇಲಕ್ಕೆ ಹತ್ತುತ್ತದೆ! ಪೆಟ್ಟಿಗೆ 13 ವೋಲ್ಟ್ ಕಳಿಸಿದರೆ ಒಂದು ಗುಂಪಿನ ಚಾನೆಲ್, 18 ವೋಲ್ಟ್ ಕಳಿಸಿದರೆ ಇನ್ನೊಂದು ಗುಂಪು. ಒಂದೇ ವಯರು, ಎರಡೂ ಕಡೆ ಸಂಚಾರ. ಅದಕ್ಕೇ ವಯರಿನ ಜೋಡಣೆಯೊಳಗೆ ಮಳೆನೀರು ಇಳಿಯದಂತೆ ಟೇಪು ಸುತ್ತಿಸಿ, ಕೆಳಗೊಂದು ಸಣ್ಣ ಇಳಿಬಳಸು ಬಿಡಿಸಿ. ನೀರು ಅಲ್ಲೇ ತೊಟ್ಟಿಕ್ಕಿಹೋಗುತ್ತದೆ.

ಜಿಸ್ಯಾಟ್-15ರ ತೂಕ ಹಾರುವಾಗ 3,164 ಕಿಲೋ. 2015ರ ನವೆಂಬರ್‌ನಲ್ಲಿ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಏರಿತು. ಅದನ್ನು ಜಾಗ ಬಿಟ್ಟು ಕದಲದಂತೆ ನೋಡಿಕೊಳ್ಳುವವರು ಎಲ್ಲಿದ್ದಾರೆ ಗೊತ್ತೇ? ನಮ್ಮ ಪಕ್ಕದ ಹಾಸನದಲ್ಲಿ! 1982ರಲ್ಲಿ ಶುರುವಾದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಅಲ್ಲಿದೆ. ಉಪಗ್ರಹ 36,000 ಕಿಲೋಮೀಟರ್ ದೂರ, ಅದರ ಚುಕ್ಕಾಣಿ ಮೈಸೂರಿನಿಂದ ಬಸ್ಸಿನಲ್ಲಿ ಕೆಲವೇ ಗಂಟೆ!

ದಸರೆಯ ದಿನ ಅರಮನೆಯ ಹತ್ತಿರದ ಬೀದಿಯ ಮನೆಯಲ್ಲಿ ಕೂತು ಟಿವಿಯಲ್ಲಿ ಜಂಬೂ ಸವಾರಿ ನೋಡುತ್ತಿದ್ದೀರಿ ಅನ್ನಿ. ಅರಮನೆ ಎದುರಿನ ಚಿತ್ರ ನಿಮ್ಮ ಮನೆಗೆ ಬರುವ ಮೊದಲು ಆಕಾಶಕ್ಕೆ ಹೋಗಿ ಬರಲು ಕನಿಷ್ಠ 72,000 ಕಿಲೋಮೀಟರ್ ಓಡಿರುತ್ತದೆ! ಫ್ರೀ ಡಿಶ್ ಆದರೆ ದೆಹಲಿಯ ತೋಡಾಪುರದ ಕೇಂದ್ರವನ್ನೂ ಮುಟ್ಟಿ ಬಂದಿರುತ್ತದೆ. ಜೊತೆಗೆ ಚಿತ್ರವನ್ನು ಮಡಚಿ ಬಿಚ್ಚುವುದಕ್ಕೂ ಹೊತ್ತು ಬೇಕು. ಹಾಗಾಗಿ ಕುಶಾಲತೋಪಿನ ಸದ್ದು ಕಿಟಕಿಯಿಂದ ಮೊದಲು, ಟಿವಿಯಿಂದ ಆಮೇಲೆ!

ವರ್ಷಕ್ಕೆ ಎರಡು ಸಲ ಸೂರ್ಯನೇ ಟಿವಿಗೆ ತೊಂದರೆ ಕೊಡುತ್ತಾನೆ! ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ, ಬೆಳಿಗ್ಗೆ 11ರ ಆಸುಪಾಸಿನಲ್ಲಿ, ಮೈಸೂರಿನಿಂದ ನೋಡಿದರೆ ಸೂರ್ಯ ಸರಿಯಾಗಿ ಈ ಉಪಗ್ರಹದ ಹಿಂದೆಯೇ ಬಂದು ನಿಲ್ಲುತ್ತಾನೆ. ಸೂರ್ಯನೂ ರೇಡಿಯೋ ಅಲೆ ಚೆಲ್ಲುತ್ತಾನಲ್ಲ, ಉಪಗ್ರಹದ ದನಿ ಅದರಲ್ಲಿ ಮುಳುಗುತ್ತದೆ. ಕೆಲವು ನಿಮಿಷ ಚಿತ್ರ ಚೌಕಚೌಕವಾಗಿ ಒಡೆಯಬಹುದು, ನಿಂತೇ ಹೋಗಬಹುದು. ಮೆಕ್ಯಾನಿಕ್ಕನ್ನು ಕರೆಯಬೇಡಿ, ಕಾಫಿ ಕುಡಿದು ಬನ್ನಿ!

ಜೋರು ಮಳೆಗೆ ಡಿಶ್ ಟಿವಿ ಹೋಗುತ್ತದೆ, ಹಳೆಯ ಆಂಟೆನಾ ಹೋಗುತ್ತಿರಲಿಲ್ಲ. ಯಾಕೆ? ಡಿಶ್‌ಗೆ ಬರುವ ಅಲೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ದಪ್ಪ ಮಳೆಹನಿಗಳು ಅದನ್ನು ಹೀರಿಕೊಳ್ಳುತ್ತವೆ, ಚದುರಿಸುತ್ತವೆ. ಹಳೆಯ ಟಿವಿಯ ಮೀಟರ್ ಉದ್ದದ ಅಲೆಗೆ ಮಳೆ ಇದೆಯೆಂದೇ ಗೊತ್ತಾಗುತ್ತಿರಲಿಲ್ಲ!

ಒಂದು ಎಚ್ಚರದ ಮಾತು, ಇದಕ್ಕೆ ಬೆರಗು ಬೇಡ, ಪಾಲಿಸಿದರೆ ಸಾಕು. ಕಂಬವನ್ನು ಕರೆಂಟ್ ತಂತಿಯಿಂದ, ಅಕಸ್ಮಾತ್ ಬಿದ್ದರೂ ತಾಗದಷ್ಟು ದೂರ ನಿಲ್ಲಿಸಿ. ಲೋಹದ ಕಂಬಕ್ಕೆ ಅರ್ಥಿಂಗ್ ಕೊಡಿಸಿ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ಪ್ಲಗ್ಗಿನ ಜೊತೆಗೆ ಆಂಟೆನಾ ವಯರನ್ನೂ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು!

ಟಿವಿ ಹೊಸದು ಕೊಳ್ಳುವವರಿಗೆ ಇನ್ನೊಂದು ಸುದ್ದಿ. ಡಿಶ್ ವಯರನ್ನು ನೇರವಾಗಿ ಟಿವಿಗೇ ಚುಚ್ಚುವಂಥ ಸೆಟ್‌ಗಳಿಗೆ 2022ರಲ್ಲೇ ಭಾರತೀಯ ಮಾನಕ ಸಿದ್ಧವಾಗಿದೆ. ಒಳಗೇ ಟ್ಯೂನರ್ ಇರುವುದರಿಂದ ಪೆಟ್ಟಿಗೆ ಬೇಡ, ಎರಡನೇ ರಿಮೋಟ್ ಬೇಡ!

ಕೊನೆಯದು ಇನ್ನೂ ಮಜವಾಗಿದೆ. ಸಿಮ್ ಇಲ್ಲದೆ, ಡೇಟಾ ಇಲ್ಲದೆ ಗೋಪುರದಿಂದ ನೇರವಾಗಿ ಮೊಬೈಲಿಗೇ ಟಿವಿ ಕಳಿಸುವ ಪ್ರಯೋಗ 2023ರಲ್ಲಿ ನಡೆಯಿತು. ನಡೆದ ಊರುಗಳಲ್ಲಿ ನಮ್ಮ ಬೆಂಗಳೂರೂ ಒಂದು! ಪ್ರಸಾರ ಭಾರತಿ, ಐಐಟಿ ಕಾನ್ಪುರ, ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಇದರ ಹಿಂದಿವೆ. ಫೋನಿನೊಳಗೆ ಅದಕ್ಕೆಂದೇ ಒಂದು ಚಿಪ್ ಬೇಕು. ಇದಕ್ಕೆ ಬಳಸಬೇಕೆಂದಿರುವ ಅಲೆಗಳು 550 ಮೆಗಾಹರ್ಟ್ಸ್ ಆಸುಪಾಸಿನವು. ಆಂಟೆನಾಕ್ಕೆ ಅಲೆಯ ಉದ್ದದ ಕಾಲು ಭಾಗ ಸಿಕ್ಕರೂ ಕೆಲಸ ನಡೆಯುತ್ತದೆ. ಆ ಕಾಲು ಭಾಗ ಎಷ್ಟು ಗೊತ್ತೇ? ಸುಮಾರು 14 ಸೆಂಟಿಮೀಟರ್. ಸ್ಕೇಲು ತೆಗೆದುಕೊಂಡು ನಿಮ್ಮ ಫೋನಿನ ಉದ್ದ ಅಳೆಯಿರಿ ನೋಡೋಣ!